ಮೂರು ತಿಂಗಳು ಎದೆಯ ಮೇಲಿದ್ದ ಬ್ಯಾಡ್ಜು

ಜನವರಿ 29, ಗುರುವಾರ

ಇದನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ. ನಿನ್ನೆಯ ಪುಟದಲ್ಲಿ ಸೋರುವ ನಲ್ಲಿಯ ಬಗ್ಗೆ, ಅತ್ತೆಯ ಮೊಣಕಾಲಿನ ಬಗ್ಗೆ ಬರೆದು ಪೆನ್ನು ಮುಚ್ಚಿಟ್ಟೆ. ಬಿಟ್ಟದ್ದು ಇಷ್ಟು: ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಂದು ಹೇಳಿಕೆಗೆ ನನ್ನ ಸಹಿ ಆಯಿತು. ಹೇಳಿಕೆ ನಿಜವಲ್ಲ.

ಹೇಗೆ ಹೇಗೆ ನಡೆಯಿತೆಂದು ಮೊದಲಿನಿಂದ ಬರೆದಿಡುತ್ತೇನೆ. ನನಗಾದರೂ ಸ್ಪಷ್ಟವಾಗಲಿ.

ನಾನು ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ. ಎಕ್ಸ್-ರೇ ಇರುವ ಕೋಣೆಗಳಲ್ಲಿ ದುಡಿಯುವ ಅರುವತ್ತೊಂದು ಮಂದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಡ್ಜು ಕೊಡುತ್ತೇನೆ. ಅದನ್ನು ಸೀಸದ ಏಪ್ರನ್ನಿನ ಒಳಗೆ, ಎದೆಯ ಮೇಲೆ ಸಿಕ್ಕಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಎಲ್ಲವೂ ಪ್ರಯೋಗಾಲಯಕ್ಕೆ ಹೋಗುತ್ತವೆ. ಯಾರ ಮೈಗೆ ಎಷ್ಟು ಬಿತ್ತೆಂದು ಅವರು ಓದಿ ತಿಳಿಸುತ್ತಾರೆ. ಓದು ಹತ್ತು ಮಿಲಿಸೀವರ್ಟ್ ದಾಟಿದರೆ ನಿಯಂತ್ರಣ ಮಂಡಳಿ ಒಂದು ಪ್ರಶ್ನೆ ಕೇಳುತ್ತದೆ: ಬಿದ್ದದ್ದು ಮನುಷ್ಯರ ಮೇಲೋ, ಮರೆತು ಕೋಣೆಯಲ್ಲಿ ಬಿಟ್ಟುಹೋದ ಬ್ಯಾಡ್ಜಿನ ಮೇಲೋ? ಮರೆತದ್ದು ಎಂದು ಸುರಕ್ಷತಾ ಅಧಿಕಾರಿ ಸಹಿ ಹಾಕಿಕೊಟ್ಟರೆ ಆ ಸಂಖ್ಯೆಯನ್ನು ಹೊಡೆದುಹಾಕುತ್ತಾರೆ. ಅದರ ಜಾಗದಲ್ಲಿ ಹಿಂದಿನ ಓದುಗಳ ಸರಾಸರಿ ಕೂರುತ್ತದೆ. ವಿಚಾರಣೆ ಇಲ್ಲ.

ಈ ಸಲ ಒಂದು ಬ್ಯಾಡ್ಜು ಹದಿನಾಲ್ಕು ತೋರಿಸಿದೆ. ಅದು ನನ್ನ ನಾದಿನಿಯದು.

ಅವಳು ಹೃದಯದ ನಾಳಗಳಿಗೆ ಕೊಳವೆ ತೂರಿಸುವ ಕೋಣೆಯಲ್ಲಿ ಮೂರು ವರ್ಷಕ್ಕೂ ಮೇಲಿಂದ ನರ್ಸು. ನಮ್ಮ ಮನೆಯ ಮಹಡಿಯಲ್ಲೇ ಇರುತ್ತಾಳೆ. ಏಳು ವರ್ಷದ ಹಿಂದೆ ಈ ಆಸ್ಪತ್ರೆಗೆ ಅರ್ಜಿ ಹಾಕಿಸಿದವಳು ನಾನೇ. ಬರುವ ತಿಂಗಳು ಇಪ್ಪತ್ತಾರಕ್ಕೆ ಅವಳನ್ನು ಆ ಕೋಣೆಯ ಇನ್‌ಚಾರ್ಜ್ ಸಿಸ್ಟರ್ ಮಾಡುವ ಆದೇಶ ಬರಲಿದೆ. ವಿಚಾರಣೆ ಶುರುವಾದರೆ ಅದು ಮುಗಿಯುವತನಕ ಅವಳು ಆ ಕೋಣೆಗೆ ಕಾಲಿಡುವಂತಿಲ್ಲ. ಇನ್‌ಚಾರ್ಜ್ ಬೇರೆ ಯಾರೋ ಆಗುತ್ತಾರೆ.

ಆಡಳಿತಾಧಿಕಾರಿ ಹೇಳಿಕೆಯನ್ನು ಟೈಪು ಮಾಡಿಸಿಯೇ ಇಟ್ಟಿದ್ದರು. ಏನೇ ಆದರೂ ‘ಸಮಾಧಾನ, ಸಮಾಧಾನ’ ಎಂದೇ ಮಾತು ಶುರುಮಾಡುವುದರಿಂದ ಎಲ್ಲರೂ ಅವರನ್ನು ಬೆನ್ನ ಹಿಂದೆ ಸಮಾಧಾನ ಸಾಹೇಬರು ಎನ್ನುತ್ತಾರೆ.

“ಸಮಾಧಾನ, ಮೇಡಂ. ಬ್ಯಾಡ್ಜು ಟೇಬಲ್ ಮೇಲೆ ಬಿಟ್ಟುಹೋಗಿದ್ದೆ ಅಂತ ಅವರೇ ಬರ್ಕೊಟ್ಟಿದ್ದಾರೆ. ನೀವು ನಂಬಿದ್ರೆ ಸಾಕು.”

ನಂಬಲು ನನಗೆ ಸಾಧ್ಯವಿರಲಿಲ್ಲ. ಅಕ್ಟೋಬರಿನಿಂದ ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಆ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಎದೆಯ ಮೇಲೂ ಬ್ಯಾಡ್ಜು ಇದೆಯೇ ಎಂದು ನೋಡಿ ಒಳಗೆ ಬಿಡುತ್ತಿದ್ದೇನೆ. ಸಂಜೆ ಅವರು ಅದನ್ನು ಹೊರಗಿನ ಪೆಟ್ಟಿಗೆಗೆ ಹಾಕಿ ಹೋಗಬೇಕು. ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರ. ಒಂದು ದಿನವೂ ಅವಳ ಬ್ಯಾಡ್ಜು ತಪ್ಪಿಲ್ಲ.

ಕೊಟ್ಟ ಹೇಳಿಕೆಯನ್ನು ಹಿಂತೆಗೆದುಕೊಳ್ಳಲು ಮೂವತ್ತು ದಿನ ಅವಕಾಶವಿದೆ. ಫೆಬ್ರವರಿ 27ರವರೆಗೆ. ಅಗತ್ಯ ಬರಲಾರದು.

ಜನವರಿ 31, ಶನಿವಾರ

ಸಂಜೆ ಎಲ್ಲರೂ ಕೂತು ಬಟಾಣಿ ಸುಲಿಯುತ್ತಿದ್ದೆವು. ಸಹಿಯ ವಿಷಯವನ್ನು ನಾದಿನಿ ಮನೆಯಲ್ಲಿ ಹೇಳಿದ್ದಾಳೆ, ಅವಳದೇ ರೀತಿಯಲ್ಲಿ. ಏನೋ ಕಾಗದಪತ್ರದ ತೊಡಕಾಗಿತ್ತಂತೆ, ಅತ್ತಿಗೆ ಬಿಡಿಸಿಕೊಟ್ಟರಂತೆ. ಅತ್ತೆಗೆ ತುಂಬ ಸಂತೋಷವಾಗಿದೆ. ಮನೆಮಗಳನ್ನು ಸೊಸೆ ಕಾಪಾಡಿದಳೆಂದು ಪಕ್ಕದ ಮನೆಯವರಿಗೂ ಹೇಳಿ ಬಂದಿದ್ದಾರೆ. ಈ ಮನೆಗೆ ಬಂದು ಹತ್ತೊಂಬತ್ತು ವರ್ಷಗಳಲ್ಲಿ ಇಷ್ಟು ಒಳ್ಳೆಯ ಮಾತನ್ನು ನಾನು ಅವರಿಂದ ಕೇಳಿರಲಿಲ್ಲ. ಕೇಳಿಸಿಕೊಂಡು ಸುಮ್ಮನೆ ಸುಲಿಯುತ್ತಾ ಕೂತೆ. ಆಮೇಲೆ ನೋಡಿದರೆ ಕಾಳುಗಳನ್ನು ಸಿಪ್ಪೆಯ ಬುಟ್ಟಿಗೆ ಹಾಕುತ್ತಿದ್ದೆ.

“ಇಷ್ಟು ದೊಡ್ಡ ಆಫೀಸರು, ಕಾಳು ಯಾವುದು ಸಿಪ್ಪೆ ಯಾವುದು ಗೊತ್ತಾಗಲ್ಲ,” ಎಂದರು ಇವರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೆಬ್ರವರಿ 3, ಮಂಗಳವಾರ

ವಿಶೇಷವೇನಿಲ್ಲ. ನನ್ನ ಕಚೇರಿ ನೆಲಮಾಳಿಗೆಯಲ್ಲಿದೆ. ಪಕ್ಕದಲ್ಲೇ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಇರುವುದರಿಂದ ಗೋಡೆಗಳು ಎರಡು ಮೊಳ ದಪ್ಪ. ಕಿಟಕಿಯಿಲ್ಲ. ಬಾಗಿಲು ಎಷ್ಟು ಭಾರವೆಂದರೆ ಚಹಾ ತರುವಾಕೆ ಬೆನ್ನು ಕೊಟ್ಟು ತಳ್ಳಿಕೊಂಡೇ ಬರಬೇಕು. ಹನ್ನೊಂದು ವರ್ಷ ಇದು ನನಗೆ ಕಷ್ಟವೆನಿಸಿರಲಿಲ್ಲ. ಇವತ್ತು ನಾಲ್ಕು ಸಲ ಎದ್ದು ಹೊರಗೆ ಹೋಗಿ ಬಂದೆ.

ಫೆಬ್ರವರಿ 5, ಗುರುವಾರ

ಒಂದು ಪ್ರಶ್ನೆ ಬಿಡುತ್ತಿಲ್ಲ. ಹದಿನಾಲ್ಕು ಯಾಕೆ ಬಂತು?

ಏಪ್ರನ್ನಿನ ಒಳಗಿರುವ ಬ್ಯಾಡ್ಜು ಮೂರು ತಿಂಗಳಿಗೆ ಒಂದು ತೋರಿಸಿದರೆ ಹೆಚ್ಚು. ಅದೇ ಕೋಣೆಯಲ್ಲಿ, ಅದೇ ಹೊತ್ತು, ಅವಳಿಗಿಂತ ಹತ್ತಿರದಲ್ಲಿ ನಿಲ್ಲುವ ಡಾಕ್ಟರದು ಅರ್ಧ. ಹಾಗಾದರೆ ಏಪ್ರನ್ನನ್ನು ನೋಡಬೇಕು. ನೋಡಲು ಹತ್ತು ನಿಮಿಷ ಸಾಕು.

ಏಪ್ರನ್ನುಗಳ ವಾರ್ಷಿಕ ತಪಾಸಣೆ ಆಗಸ್ಟಿನಲ್ಲಿ ಆಗಿದೆ. ಇಪ್ಪತ್ತೆರಡೂ ಸರಿಯಿವೆಯೆಂದು ರಿಜಿಸ್ಟರಿನಲ್ಲಿದೆ. ಇವತ್ತು ಕೆಲಸ ಬಹಳ ಇತ್ತು.

ಫೆಬ್ರವರಿ 9, ಸೋಮವಾರ

ನೋಡಿದೆ.

ಆ ಕೋಣೆಯ ಏಪ್ರನ್ನುಗಳಲ್ಲಿ ಚಿಕ್ಕ ಅಳತೆಯದು ಒಂದೇ ಇದೆ, ನೀಲಿ ಅಂಚಿನದು. ಗಿಡ್ಡಗಿರುವವಳು ನಾದಿನಿ ಒಬ್ಬಳೇ ಆದ್ದರಿಂದ ಅದು ಅವಳದೇ ಆಗಿಬಿಟ್ಟಿದೆ. ಏಪ್ರನ್ನನ್ನು ಸಲಾಕೆಗೆ ತೂಗುಹಾಕಬೇಕು, ಮಡಚಬಾರದು. ಮಡಚಿದರೆ ಬಟ್ಟೆಗೆ ಏನೂ ಆಗುವುದಿಲ್ಲ, ಒಳಗಿನ ಸೀಸದ ಹಾಳೆ ಒಡೆಯುತ್ತದೆ. ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಇದನ್ನು ವರ್ಷಕ್ಕೆರಡು ಸಲ ಪಾಠ ಮಾಡುತ್ತೇನೆ. ಅವರು ತಲೆಯಾಡಿಸುತ್ತಾರೆ, ಆಮೇಲೆ ಕುರ್ಚಿಯ ತೋಳಿನ ಮೇಲೆ ಮಡಚಿ ಎಸೆದು ಊಟಕ್ಕೆ ಓಡುತ್ತಾರೆ.

ಮಧ್ಯಾಹ್ನ ಕೋಣೆ ಖಾಲಿಯಿದ್ದಾಗ ನೀಲಿ ಅಂಚಿನದನ್ನು ಯಂತ್ರದ ಮೇಜಿನ ಮೇಲೆ ಹರಡಿದೆ. ನನ್ನ ಬ್ಯಾಡ್ಜನ್ನು ನನ್ನ ಮೇಜಿನ ಖಾನೆಯಲ್ಲೇ ಇಟ್ಟು ಹೋಗಿದ್ದೆ. ಹತ್ತು ನಿಮಿಷದ ಕೆಲಸಕ್ಕೆ ನನ್ನ ಓದು ಕೆಡುವುದು ಬೇಡವೆಂದು. ಪರದೆಯ ಮೇಲೆ ಏಪ್ರನ್ನು ಕಪ್ಪಗೆ ಮೂಡಿತು. ಎದೆಯ ಭಾಗದಲ್ಲಿ ಅಡ್ಡಲಾಗಿ ಒಂದು ಗೇಣು ಉದ್ದದ ಬಿಳಿ ಗೆರೆ. ನಡುವೆ ಎರಡು ಬೆರಳು ತೂರುವಷ್ಟು ಅಗಲ. ಬ್ಯಾಡ್ಜು ಇರುವುದು ಸರಿಯಾಗಿ ಅದರ ಹಿಂದೆ.

ಈಗ ಇನ್ನೊಂದನ್ನೂ ಬರೆಯಬೇಕು. ಆಗಸ್ಟಿನಲ್ಲಿ ತಪಾಸಣೆ ಆದದ್ದು ಹತ್ತೊಂಬತ್ತಕ್ಕೆ. ಹೃದಯದ ಕೋಣೆಯ ಮೂರು ಏಪ್ರನ್ನುಗಳು ಆ ದಿನ ಬಳಕೆಯಲ್ಲಿದ್ದವು. ನಾಳೆ ನೋಡಿದರಾಯಿತೆಂದು ಇಪ್ಪತ್ತೆರಡಕ್ಕೂ ಟಿಕ್ ಹಾಕಿ ರಿಜಿಸ್ಟರ್ ಮುಚ್ಚಿದೆ. ಆ ನಾಳೆ ಇವತ್ತು ಬಂತು. ಉಳಿದೆರಡನ್ನೂ ನೋಡಿದೆ, ಅವು ಸರಿಯಿವೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಶಾಲೆಯಲ್ಲಿ ಗಾದೆ ವಿಸ್ತರಿಸಲು ಕೊಟ್ಟಿದ್ದರು. ನಮ್ಮದು ಇಂಗ್ಲಿಷ್ ಮಾಧ್ಯಮ, ಕನ್ನಡ ವಾರಕ್ಕೆ ಮೂರೇ ಪೀರಿಯಡ್ಡು. ಬೇಲಿಗೆ ಬಾಯಿಲ್ಲ, ಆದ್ದರಿಂದ ಗಾದೆ ತಪ್ಪು ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದೆ.

ಫೆಬ್ರವರಿ 10, ಮಂಗಳವಾರ

ಅಂಟುಪಟ್ಟಿ ಹಾಳಾಗಿದೆ ಎಂದು ಹೇಳಿ ನೀಲಿ ಅಂಚಿನದನ್ನು ತಂದು ನನ್ನ ಬೀರುವಿನಲ್ಲಿಟ್ಟೆ. ಎಕ್ಸ್-ರೇ ವಿಭಾಗದಲ್ಲಿ ಹೆಚ್ಚಿಗೆಯಿದ್ದ ಚಿಕ್ಕದೊಂದನ್ನು ಪರೀಕ್ಷಿಸಿ ಅವಳಿಗೆ ಕೊಡಿಸಿದೆ. ಇನ್ನು ಯಾರಿಗೂ ಅಪಾಯವಿಲ್ಲ. ಇಲ್ಲಿಗೆ ಮುಗಿಯಿತು.

ಫೆಬ್ರವರಿ 12, ಗುರುವಾರ

ಮುಗಿಯಿತು ಎಂದು ಬರೆದದ್ದನ್ನು ಓದಿದೆ. ಬೀರುವಿನ ಬೀಗ ಹಾಕಿದ್ದೇನೆಯೇ ಎಂದು ಇವತ್ತು ಐದು ಸಲ ನೋಡಿದೆ.

ಫೆಬ್ರವರಿ 14, ಶನಿವಾರ

ಮಧ್ಯಾಹ್ನ ಮಹಡಿಯ ಮೇಲೆ ನಾನೂ ನಾದಿನಿಯೂ ಒಗೆದ ಹಾಸಿಗೆಹೊದಿಕೆಗಳನ್ನು ಹರವುತ್ತಿದ್ದೆವು. ಅವಳು ಒಂದು ತುದಿ, ನಾನೊಂದು ತುದಿ ಹಿಡಿದು ಹಿಂಡುತ್ತಿದ್ದಾಗ ಕೇಳಿದಳು, ನನ್ನ ಹಳೇ ಏಪ್ರನ್ ಎಲ್ಲಿ ಹೋಯ್ತು ಅಂತ. ಪಟ್ಟಿ ಹಾಳಾಗಿತ್ತು ಎಂದೆ.

“ಪಟ್ಟಿ ಚೆನ್ನಾಗೇ ಇತ್ತು, ಅತ್ತಿಗೆ. ದಿನಾ ಕಟ್ಕೊಳ್ಳೋಳು ನಾನು.”

ನಾನು ಹೊದಿಕೆಯ ತುದಿ ಬಿಡಲಿಲ್ಲ. ಹಿಂಡುತ್ತಲೇ ಎಲ್ಲವನ್ನೂ ಹೇಳಿದೆ. ಬಿರುಕು, ಅದರ ಉದ್ದ, ಆಗಸ್ಟಿನ ಟಿಕ್ಕು. ಅವಳು ಹೊದಿಕೆಯನ್ನು ಹಗ್ಗದ ಮೇಲೆ ಹಾಕಿ, ಸುಕ್ಕು ಬಿಡಿಸಿ, ನಾಲ್ಕೂ ಕ್ಲಿಪ್ಪು ಹಾಕಿದಳು. ಆಮೇಲೆ ಹೇಳಿದ್ದನ್ನು ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ.

ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆಯಿದೆಯಂತೆ. ಅಕ್ಟೋಬರಿನಲ್ಲಿ ನಾನು ಬಾಗಿಲಲ್ಲಿ ನಿಲ್ಲಲು ಶುರುಮಾಡುವವರೆಗೂ ಎಲ್ಲರ ಬ್ಯಾಡ್ಜೂ ಅಲ್ಲೇ ನೇತಾಡುತ್ತಿದ್ದವಂತೆ. ಓದು ಏರಿದರೆ ಕೋಣೆಯಿಂದ ಹೊರಗೆ ಹಾಕುತ್ತಾರೆಂಬ ಭಯ. ಡಾಕ್ಟರೂ ಹಾಗೇ, ಟೆಕ್ನಿಷಿಯನ್ನೂ ಹಾಗೇ. ನಾನು ಬಾಗಿಲು ಬಿಟ್ಟು ಹೋದಮೇಲೆ ಈಗಲೂ ಕೆಲವರು ಒಳಗೆ ಹೋಗಿ ತೆಗೆದಿಡುತ್ತಾರಂತೆ. ತೆಗೆಯದೆ ಇದ್ದವಳು ಅವಳೊಬ್ಬಳು.

“ಮೂರು ವರ್ಷ ಮೊಳೆಗೆ ತಗಲಿಹಾಕಿದ್ದೆ, ಯಾರೂ ಒಂದು ಮಾತು ಕೇಳಲಿಲ್ಲ. ಅತ್ತಿಗೆಗೆ ಅವಮಾನ ಆಗಬಾರದು ಅಂತ ಮೂರು ತಿಂಗಳು ಎದೆ ಮೇಲೆ ಹಾಕ್ಕೊಂಡೆ. ಹಾಗೆ ಹಾಕ್ಕೊಂಡಿದ್ದಕ್ಕೇ ಮರೆತಿದ್ದೆ ಅಂತ ಸಾಹೇಬ್ರು ನನ್ನ ಕೈಲಿ ಬರೆಸ್ಕೊಂಡ್ರು.”

ಡಾಕ್ಟರ ಬ್ಯಾಡ್ಜು ಬರೀ ಅರ್ಧ ತೋರಿಸಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಹೀಗೆ ಮಾಡುವುದು ತಪ್ಪಲ್ಲವೇ, ನಿಮಗೆಲ್ಲ ಎಷ್ಟು ಸಲ ಹೇಳಿದ್ದೇನೆ ಎಂದು ನಾನು ಪಾಠ ಶುರುಮಾಡಿಯೇಬಿಟ್ಟೆ.

“ಸೋಮವಾರ ನೀವು ನನ್ನ ಏಪ್ರನ್ ಎತ್ಕೊಂಡು ಒಳಗೆ ಹೋಗಿದ್ದು ನೋಡ್ದೆ. ನಿಮ್ಮೆದೆ ಮೇಲೆ ಬ್ಯಾಡ್ಜು ಇರಲಿಲ್ಲ.”

“ಅದು ಹತ್ತೇ ನಿಮಿಷ.”

“ನಮ್ಮದೂ ಒಂದೊಂದು ಸಲಕ್ಕೆ ಹತ್ತೇ ನಿಮಿಷ, ಅತ್ತಿಗೆ.”

ಅವಳು ಬಕೆಟ್ಟು ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋದಳು. ಅಲ್ಲಿಂದ, ಮುಖ ತಿರುಗಿಸದೆ ಕೇಳಿದಳು.

“ಆ ಮೂರು ವರ್ಷ ಎಷ್ಟು ಬಿತ್ತು ನನಗೆ?”

ಗೊತ್ತಿಲ್ಲ ಎಂದೆ. ಬಿರುಕು ಯಾವಾಗ ಬಿದ್ದದ್ದೆಂದು ಯಾರಿಗೂ ಗೊತ್ತಿಲ್ಲ. ಹೋದ ವರ್ಷವೇ ಆಗಿದ್ದರೆ ಹೆಚ್ಚೇನಿಲ್ಲ. ಅದರ ಹಿಂದಿನ ವರ್ಷ ನಾನು ತಪಾಸಣೆ ಮಾಡಿದ ಕೂಡಲೇ ಆಗಿದ್ದರೆ ಸುಮಾರಾಗಿಯೇ ಇದೆ. ಅಂದಾಜು ಮಾಡುವ ರಕ್ತಪರೀಕ್ಷೆ ಒಂದಿದೆ, ಅದೂ ದೊಡ್ಡ ಪ್ರಮಾಣವನ್ನಷ್ಟೇ ಹಿಡಿಯುತ್ತದೆ. ಅದನ್ನು ಮಾಡಿಸುವುದು ಮಂಡಳಿ. ಓದು ನಿಜವೆಂದು ಒಪ್ಪಿಕೊಂಡರೆ ಮಾತ್ರ.

“ನಿಜ ಅಲ್ಲ ಅಂತ ನೀವೇ ಸಹಿ ಹಾಕಿದ್ದೀರ.”

“ನೀನೇ ಬರೆದುಕೊಟ್ಟೆ.”

“ನಾನು ನರ್ಸು. ನೀವು ಸುರಕ್ಷತೆ.”

ಫೆಬ್ರವರಿ 16, ಸೋಮವಾರ

ಹೇಳಿಕೆಯನ್ನು ಹಿಂತೆಗೆದುಕೊಳ್ಳಬೇಕೆಂದು ಸಮಾಧಾನ ಸಾಹೇಬರಿಗೆ ಹೇಳಿದೆ. ಟಿಕ್ಕಿನ ವಿಷಯವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟರು.

ಏಪ್ರನ್ನು ಬದಲಾಗಿದೆ, ಸಿಸ್ಟರು ಆರೋಗ್ಯವಾಗಿದ್ದಾರೆ, ಬಡ್ತಿ ಬರಲಿದೆ, ಇದರಲ್ಲಿ ನೊಂದವರು ಯಾರು ಎಂದು ಕೇಳಿದರು. ಪತ್ರ ಹೋದರೆ ಮಾತ್ರ ನೊಂದವರ ಪಟ್ಟಿ ಶುರುವಾಗುತ್ತದೆ: ಮೊದಲು ಸಿಸ್ಟರು, ಆಮೇಲೆ ನಾನು, ಆಮೇಲೆ ವಿಚಾರಣೆಯ ದಿನಗಳಲ್ಲಿ ಬಾಗಿಲು ಹಾಕುವ ಕೋಣೆಯ ಮುಂದೆ ಎದೆ ಹಿಡಿದುಕೊಂಡು ನಿಲ್ಲುವ ರೋಗಿಗಳು. ಒಂದೊಂದೂ ಸರಿಯಾದ ಮಾತೇ. ಅವರು ಕೆಟ್ಟವರಲ್ಲ ಎಂಬುದೇ ನನ್ನ ಕಷ್ಟ.

ಏಳುವಾಗ ಹೇಳಿದರು, “ನಿಮ್ಮ ಮೇಲೆ ನನಗೆ ಬಹಳ ಗೌರವ ಇದೆ, ಮೇಡಂ. ಅದನ್ನ ಕಾಗದದ ಮೇಲೆ ಪರೀಕ್ಷೆ ಮಾಡೋಕೆ ಹೋಗಬೇಡಿ.”

ಆಸ್ಪತ್ರೆಯ ಪತ್ರಗಳೆಲ್ಲ ಅವರ ಮೇಜಿನ ಮೇಲಿಂದಲೇ ಹೋಗುತ್ತವೆ. ಮಂಡಳಿಗೆ ಸಹಿ ಇರುವ ಮೂಲಪ್ರತಿಯೇ ಬೇಕು. ಕಳಿಸುವುದಾದರೆ ಅಂಚೆಕಚೇರಿಗೆ ನಾನೇ ಹೋಗಬೇಕು.

ಫೆಬ್ರವರಿ 18, ಬುಧವಾರ

ಮೂರು ದಿನದಿಂದ ನಾದಿನಿ ಊಟಕ್ಕೆ ಕೆಳಗೆ ಬಂದಿಲ್ಲ. ತಟ್ಟೆ ಮೇಲಕ್ಕೆ ಹೋಗುತ್ತದೆ, ತೊಳೆದುಕೊಂಡು ಕೆಳಗೆ ಬರುತ್ತದೆ. ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ನಿಂತಿದ್ದರೆ ಎದೆಯ ಮೇಲಿನ ಬ್ಯಾಡ್ಜನ್ನು ಬೆರಳಿನಿಂದ ತೋರಿಸಿ, ನನ್ನ ಮುಖ ನೋಡದೆ ಒಳಗೆ ಹೋಗುತ್ತಾಳೆ. ಅಲ್ಲೂ ಅವಳು, ಇಲ್ಲೂ ಅವಳು. ಹೋಗಲು ನನಗೆ ಮೂರನೆಯ ಜಾಗವೇ ಇಲ್ಲ. ನಿನ್ನೆ ಬಸ್‌ನಿಲ್ದಾಣದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತು ಮನೆಗೆ ಬಂದೆ. ಬಸ್ಸು ತಡವಾಯಿತು ಎಂದೆ.

ಇವರು ಒಂದು ಸಲ ತಂಗಿಯ ಪರ, ಒಂದು ಸಲ ನನ್ನ ಪರ, ಮತ್ತೆ ಪೇಪರಿನ ಹಿಂದೆ. ಅವಳು ಕೇಳದೇ ಇರುವಾಗ ನೀನು ಬಿರುಕಿನ ವಿಷಯ ಎತ್ತಬಾರದಿತ್ತು ಎಂದರು. ಅವಳು ಕೇಳಿದ್ದಳು. ಹಾಗೆಂದು ಹೇಳಲಿಲ್ಲ.

ಅತ್ತೆಗೆ ಯಾರೂ ಪೂರ್ತಿ ಹೇಳಿಲ್ಲ. ಕಿವಿ ಮಂದ, ಕಣ್ಣು ಚುರುಕು. ಸಂಜೆ ಅವರ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮಗಳು ಯಾಕೆ ಮುನಿಸಿಕೊಂಡಿದ್ದಾಳೆಂದು ಕೇಳಿದರು. ಆಸ್ಪತ್ರೆಯಲ್ಲಿ ಯಾರೋ ಒಂದು ತಪ್ಪು ಮಾಡಿದ್ದಾರೆ, ಅದರ ಬೇಜಾರು ಎಂದೆ.

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?” ಎಂದರು. ಹಾಗೆಂದು ಕಾಲು ಎಳೆದುಕೊಳ್ಳಲಿಲ್ಲ. ನಾನು ಹಚ್ಚುತ್ತಲೇ ಇದ್ದೆ. ಆಮೇಲೆ ಅವರೇ ಹೇಳಿದರು, “ಕುಂಬಳಕಾಯಿ ಎಲ್ಲಿಟ್ಟಿದ್ದೀಯೋ ಅಲ್ಲಿಂದ ತೆಗೆದು ಹೊರಗಿಡು. ಕೊಳೆತರೆ ಮನೆ ತುಂಬ ನಾತ.”

ಫೆಬ್ರವರಿ 20, ಶುಕ್ರವಾರ

ಪತ್ರ ಬರೆದೆ. ಮೊದಲ ಪ್ರತಿಯಲ್ಲಿ ಎಲ್ಲವೂ ತನ್ನಷ್ಟಕ್ಕೇ ಆಗುತ್ತಿತ್ತು: ತಪಾಸಣೆ ತಪ್ಪಿಹೋಗಿತ್ತು, ಹೇಳಿಕೆ ಕಳುಹಿಸಲಾಗಿತ್ತು. ಓದಿದರೆ ಆ ಆಸ್ಪತ್ರೆಯಲ್ಲಿ ಮನುಷ್ಯರೇ ಇಲ್ಲವೇನೋ ಎನ್ನಿಸುವ ಹಾಗಿತ್ತು. ಹರಿದೆ. ನಾಲ್ಕನೆಯ ಪ್ರತಿ ಒಂದೇ ಪುಟ. ಮೂರು ಏಪ್ರನ್ನುಗಳನ್ನು ನೋಡದೆ ನಾನು ಟಿಕ್ ಹಾಕಿದೆ. ಬ್ಯಾಡ್ಜು ಮರೆತದ್ದಲ್ಲವೆಂದು ತಿಳಿದೂ ನಾನು ಸಹಿ ಮಾಡಿದೆ. ಏಪ್ರನ್ನನ್ನು ನಾನು ಬೀರುವಿನಲ್ಲಿ ಬಚ್ಚಿಟ್ಟೆ. ಆ ಕೋಣೆಯ ಹಿಂದಿನ ಮೂರು ವರ್ಷದ ಓದುಗಳನ್ನು ನಂಬಬೇಡಿ, ಬ್ಯಾಡ್ಜುಗಳು ಮೊಳೆಯ ಮೇಲಿದ್ದವು. ಒಂಬತ್ತನೇ ತಾರೀಖು ಹತ್ತು ನಿಮಿಷ ನನ್ನದೂ ಖಾನೆಯಲ್ಲಿತ್ತು. ಈ ನರ್ಸಿನ ಹದಿನಾಲ್ಕು ನಿಜ. ಅವಳಿಗೆ ರಕ್ತಪರೀಕ್ಷೆ ಆಗಬೇಕು.

ದಿನಾಂಕವನ್ನೂ ಯೋಚಿಸಿದ್ದೇನೆ. ಗುರುವಾರ 26ಕ್ಕೆ ಅವಳ ಆದೇಶ ಬರುತ್ತದೆ. ಶುಕ್ರವಾರ 27 ಕೊನೆಯ ದಿನ, ಅಂಚೆಯ ಮುದ್ರೆ ಅದೇ ದಿನದ್ದಿದ್ದರೆ ಸಾಕು. 27ಕ್ಕೆ ಹಾಕಿದರೆ ಅವಧಿಯೂ ಮೀರುವುದಿಲ್ಲ, ಕೈಗೆ ಬಂದ ಆದೇಶವನ್ನು ಅವಳಿಂದ ಕಿತ್ತುಕೊಳ್ಳುವುದೂ ಕಷ್ಟ. ಅವಳಿಗಾಗಿ ಇಷ್ಟನ್ನಾದರೂ ಮಾಡಬಹುದು. ಪತ್ರದ ತಲೆಯಲ್ಲಿ 27 ಎಂದು ಬರೆದೆ. ಬಹಳ ದಿನಗಳ ಮೇಲೆ ಹಗುರವೆನಿಸಿತು.

ಫೆಬ್ರವರಿ 22, ಭಾನುವಾರ

ಅವಳ ಹೆಸರಿರುವ ಪತ್ರವನ್ನು ಅವಳು ಓದದೆ ಕಳಿಸುವುದು ಸರಿಯಲ್ಲ ಅನ್ನಿಸಿ ಬೆಳಿಗ್ಗೆ ಮಹಡಿಗೆ ಹೋದೆ. ನಾದಿನಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಆರಿಸಿ, ಕೈ ಒರೆಸಿಕೊಂಡು, ಕಿಟಕಿಯ ಹತ್ತಿರ ನಿಂತು ಓದಿದಳು. ಒಂದು ಪುಟ ಓದಲು ಅಷ್ಟು ಹೊತ್ತು ಬೇಕಿಲ್ಲ. ನಾನು ಅವಳ ಮಂಚದ ಅಂಚಿನಲ್ಲಿ, ಸಂದರ್ಶನಕ್ಕೆ ಬಂದವಳ ಹಾಗೆ ಕೂತಿದ್ದೆ.

ಮೊಳೆಯ ವಿಷಯದಲ್ಲಿ ಬೇರೆ ಯಾರ ಹೆಸರೂ ಇಲ್ಲವಲ್ಲ ಎಂದು ಕೇಳಿದಳು. ಇಲ್ಲ ಎಂದೆ. ನನ್ನದಿದೆ. ಅವಳು ತಲೆಯಾಡಿಸಿದಳು. ಆಮೇಲೆ ಬೆರಳನ್ನು ಪುಟದ ತಲೆಗೆ ತಂದಳು.

“ಇಪ್ಪತ್ತೇಳು ಯಾಕೆ?”

ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ಅವಳು ಥ್ಯಾಂಕ್ಸ್ ಹೇಳುತ್ತಾಳೆಂದು ಕಾಯುತ್ತಿದ್ದೆನೋ ಏನೋ.

“ಸಹಿ ಹಾಕಿದ್ದೂ ನನಗೋಸ್ಕರ, ಈಗ ಕಾಯೋದೂ ನನಗೋಸ್ಕರ. ನಿಮಗೋಸ್ಕರ ಅಂತ ಒಂದನ್ನಾದ್ರೂ ಮಾಡಿ, ಅತ್ತಿಗೆ.”

ಕೋಪದಲ್ಲಿಯೇ ಹೇಳಿದಳು.

ಆದೇಶ ಹೋಗಬಹುದು, ಹೋಗಿಯೇಹೋಗುತ್ತದೆ ಎಂದೆ. ಗೊತ್ತು ಎಂದಳು. ಏಳು ವರ್ಷ ಕಾದಿದ್ದೇನೆ, ಕೈಗೆ ಕೊಟ್ಟು ಮಾರನೆಯ ದಿನ ಕಿತ್ತುಕೊಂಡರೆ ಎಲ್ಲರೂ ನೋಡುತ್ತಾರೆ, ಕೊಡದೇ ಇದ್ದರೆ ಯಾರಿಗೂ ಕಾಣುವುದಿಲ್ಲ ಎಂದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳಿಗಾಗಿ ಎಂದು ನಾಲ್ಕು ದಿನ ಲೆಕ್ಕ ಹಾಕಿದವಳು, ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಆ ನಾಲ್ಕು ದಿನ ಬೇಕಾಗಿದ್ದದ್ದು ಯಾರಿಗೆ? ಸೋಮವಾರದಿಂದ ಗುರುವಾರದವರೆಗೆ ನನಗೆ ಇನ್ನೂ ಕೆಲಸ ಇರುತ್ತಿತ್ತು, ಅತ್ತೆಗೆ ನಾನಿನ್ನೂ ಒಳ್ಳೆಯ ಸೊಸೆಯಾಗಿರುತ್ತಿದ್ದೆ.

“ನಾನಿನ್ನೂ ನಿಮ್ಮ ಮೇಲೆ ಸಿಟ್ಟಲ್ಲೇ ಇದ್ದೀನಿ,” ಎಂದಳು ಪತ್ರ ವಾಪಸು ಕೊಡುತ್ತಾ. “ಆ ರಕ್ತ ಮಾತ್ರ ನಾನೇ ತೆಗೆದು ಕಳಿಸ್ತೀನಿ. ಮಂಡಳಿಯೋರ ಕೈ ಹೇಗಿದೆಯೋ ಏನೋ.”

ನಗಬಹುದೋ ಬಾರದೋ ತಿಳಿಯದೆ ಕೆಳಗಿಳಿದು ಬಂದೆ. ಮಧ್ಯಾಹ್ನ ಅವಳೂ ಊಟಕ್ಕೆ ಬಂದಳು. ನನ್ನ ಎದುರು ಕೂರಲಿಲ್ಲ, ಅತ್ತೆಯ ಪಕ್ಕ ಕೂತಳು. ಅತ್ತೆ ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಬಡಿಸಿದರು. ಅವರಿಗೆ ಇಂದು ಸಂಜೆ ನಾನೇ ಹೇಳಬೇಕು. ಇವರಿಗೂ.

ಈಗ ಮೇಜಿನ ಮುಂದೆ ಕೂತಿದ್ದೇನೆ. ಲಕೋಟೆಯ ಮೇಲೆ ವಿಳಾಸ ಬರೆದಾಯಿತು. ಹಾಗಲ್ಲ, ನಾನು ಬರೆದೆ. ಪತ್ರದ ತಲೆಯಲ್ಲಿದ್ದ 27ನ್ನು ಹೊಡೆದುಹಾಕಿದೆ. ಹೊಸ ಪ್ರತಿ ಮಾಡುವುದಿಲ್ಲ. ಹೊಡೆದದ್ದೂ ಅವರಿಗೆ ಕಾಣಲಿ. ಅಂಚೆಕಚೇರಿ ತೆರೆಯುವುದು ಒಂಬತ್ತೂವರೆಗೆ. ಎಂಟಕ್ಕೆ ಬಾಗಿಲಲ್ಲಿ ನಿಂತು, ಎಲ್ಲರನ್ನೂ ನೋಡಿ ಒಳಗೆ ಬಿಟ್ಟು, ನಡೆದೇ ಹೋಗುತ್ತೇನೆ.

ಅಂಚೆಗೆ ಹಾಕುವ ದಿನ: ಫೆಬ್ರವರಿ 23, ಸೋಮವಾರ.